ವಾಲ್ಪುರಿ ಬೇಯಿಸಿದ ಬಿತ್ತನೆ ಕಾಳು

ವಾಲ್ಪುರಿ ಅಮೆರಿಕೆಗೆ ಬಂದದ್ದು ಸುಖ ಹುಡುಕಿಕೊಂಡೇನಲ್ಲ. ಗಂಡ ಕ್ಲೆಮೆಟ್ಟಿ ಕಾಡು ಸುಟ್ಟು ಸಿಕ್ಕಿಬಿದ್ದಿದ್ದ, ಅದಕ್ಕೆ. ಫಿನ್ಲೆಂಡಿನಿಂದ ಬಂದು ಸ್ವೀಡನ್ನಿನ ಕಾಡುಗಳಲ್ಲಿ ನೆಲೆಸಿದ್ದ ಇವರಂಥ ಫಿನ್ನರಿಗೆ ಗೊತ್ತಿದ್ದದ್ದು ಒಂದೇ ಬೇಸಾಯ: ಮರ ಕಡಿದು, ಸುಟ್ಟು, ಆ ಬೂದಿಯಲ್ಲಿ ಗೋಧಿಯಂಥ ರೈ ಧಾನ್ಯ ಬಿತ್ತುವುದು. ದೊರೆಗೋ ಆ ಮರವೆಲ್ಲ ಕಬ್ಬಿಣದ ಕುಲುಮೆಗೆ ಇದ್ದಿಲಾಗಬೇಕಿತ್ತು. ಸೆರೆಮನೆಯೋ, ಅಮೆರಿಕೆಯ ವಸಾಹತಿಗೆ ಹೋಗುವ ಹಡಗೋ ಎಂದು ಕೇಳಿದರು. ಅದೂ ಒಂದು ಕೇಳುವ ಮಾತೇ!

"ಅಲ್ಲಿ ಕಾಡಿಗೆ ಕೊನೆಯೇ ಇಲ್ವಂತೆ ಕಣೇ," ಅಂದಿದ್ದ ಕ್ಲೆಮೆಟ್ಟಿ. "ಸುಡು ಅಂತ ಅವರೇ ಹೇಳ್ತಾರಂತೆ. ಈ ಕಾಳೊಂದು ಇದ್ರೆ ಸಾಕು, ಇನ್ನೊಬ್ಬನ ಹೊಲದಲ್ಲಿ ಕೂಲಿ ಮಾಡೋ ಗ್ರಹಚಾರ ನಮಗಿಲ್ಲ."

ಕಾಳು ಇದ್ದದ್ದು ಮರದ ತೊಗಟೆಯಿಂದ ಹೆಣೆದ ಡಬ್ಬಿಯಲ್ಲಿ. ಅವನ ಅಜ್ಜನ ಕಾಲದಿಂದ ಬಂದ ಕಾಡು ರೈ. ಒಂದೇ ಕಾಳಿನಿಂದ ಪೊದೆಯಷ್ಟು ತೆನೆ. ಅದಕ್ಕೇ ಹೆಜ್ಜೆಗೊಂದರಂತೆ ಬಿತ್ತುತ್ತಿದ್ದರು. ಮನೆಮಂದಿ ಹಸಿದು ಮಲಗಿದರೂ ಬಿತ್ತನೆಯ ಡಬ್ಬಿಗೆ ಯಾರೂ ಕೈಹಾಕುತ್ತಿರಲಿಲ್ಲ.

ವಾಲ್ಪುರಿ ಹಾಕಿದಳು. ನಡುಗಡಲಿನಲ್ಲಿ ಮಗಳು ಕೈಸಾ ಜ್ವರ ಬಂದು, ಹುಳ ಹಿಡಿದ ರೊಟ್ಟಿ ನುಂಗಲಾರದೆ ನಿತ್ರಾಣಳಾಗಿ ಬಿದ್ದುಕೊಂಡಾಗ, ಗಂಡನ ಕಣ್ಣು ತಪ್ಪಿಸಿ ಆ ಕಾಳನ್ನು ಜಜ್ಜಿ ಗಂಜಿ ಕಾಯಿಸಿ ಕುಡಿಸಿದಳು. ಡಬ್ಬಿ ಬರಿದಾಗುವ ಹೊತ್ತಿಗೆ ಹುಡುಗಿ ಎದ್ದು ಕೂತಳು. ಹಡಗಿನ ಕೋಳಿಗಳಿಗೆ ಹಾಕುತ್ತಿದ್ದ ರೈಯನ್ನು ಬೇಡಿ ತಂದು ಡಬ್ಬಿ ತುಂಬಿಸಿಟ್ಟಳು. ಅದು ಉತ್ತ ಹೊಲದ ಸಾಧಾರಣ ರೈ. ಒತ್ತೊತ್ತಾಗಿ ಬಿತ್ತಿದರಷ್ಟೇ ಬೆಳೆ. ಯಾವ ತಾಯಿಯಾದರೂ ಅದನ್ನೇ ಮಾಡುತ್ತಿದ್ದಳು. ಇಲ್ಲವೆನ್ನುವವರು ಸಾಯುವ ಮಗುವನ್ನು ಮಡಿಲಲ್ಲಿಟ್ಟುಕೊಂಡವರಲ್ಲ.

ಅಮೆರಿಕೆಗೆ ಬಂದಿಳಿದು ಡೆಲವೇರ್ ನದಿಯ ದಡದಲ್ಲಿ ಕ್ಲೆಮೆಟ್ಟಿ ಮನಸಾರೆ ಕಾಡು ಸುಟ್ಟ. ಮುಖವೆಲ್ಲ ಮಸಿ, ಬಾಯ್ತುಂಬ ನಗು. ಕಾಳು ದಪ್ಪಗಿದೆಯಲ್ಲ ಎಂದು ಒಮ್ಮೆ ನೋಡಿದ. ಕಡಲಿನ ತೇವ ಹೀರಿರಬೇಕು ಎಂದು ತಾನೇ ಸಮಾಧಾನ ಹೇಳಿಕೊಂಡ.

"ಸ್ವಲ್ಪ ಒತ್ತಾಗಿ ಹಾಕಬಾರ್ದಾ?" ವಾಲ್ಪುರಿ ಹೆದರುತ್ತಲೇ ಕೇಳಿದಳು.

"ನೀನು ಗಂಜಿ ಕಾಯ್ಸು, ಬಿತ್ತೋದು ನಂಗೆ ಬಿಡು!" ಅಂದವನೇ ಹೆಜ್ಜೆಗೊಂದು ಕಾಳು ಹಾಕುತ್ತ ನಡೆದ.

ಮರುಬೇಸಿಗೆಗೆ ಆ ಕರಿನೆಲದಲ್ಲಿ ಅಲ್ಲೊಂದು ಇಲ್ಲೊಂದು ಒಂಟಿ ತೆನೆ. ಕ್ಲೆಮೆಟ್ಟಿ ಕಂಡವರ ತಂಬಾಕು ತೋಟಕ್ಕೆ ಕೂಲಿಗೆ ಹೋದ. "ನನ್ನ ಕೈಗುಣವೇ ಸತ್ತೋಯ್ತು," ಎಂದು ಅಂಗೈ ನೋಡಿಕೊಂಡು ಗೊಣಗುತ್ತಿದ್ದ.

ಅವನ ಕೊರಗು ನೋಡಲಾರದೆ ಒಂದು ಶನಿವಾರ ಸೌನಾದಲ್ಲಿ ವಾಲ್ಪುರಿ ಹೇಳಿಬಿಟ್ಟಳು. ಹಬೆ ತುಂಬಿದ ಆ ಸ್ನಾನದ ಗುಡಿಸಲಿನಲ್ಲಿ ಫಿನ್ನರು ದನಿ ಎತ್ತುವುದಿಲ್ಲ, ಜಗಳ ತೆಗೆಯುವುದಿಲ್ಲ. ಅದನ್ನೇ ನೆಚ್ಚಿಕೊಂಡಿದ್ದಳು ಪಾಪ.

"ನಿನ್ನ ಕೈಗೇನೂ ಆಗಿಲ್ಲ. ಕಾಳೇ ಬೇರೆ. ಕೈಸಾ ಉಳೀಲಿ ಅಂತ ನಮ್ಮದನ್ನ ಹಡಗಲ್ಲೇ ಬೇಯ್ಸಿ ಕುಡಿಸ್ದೆ."

ಕ್ಲೆಮೆಟ್ಟಿ ಕಾದ ಕಲ್ಲುಗಳ ಮೇಲೆ ಇನ್ನೊಂದು ಸೌಟು ನೀರು ಸುರಿದ. "ಅಷ್ಟೂ?"

"ಅಷ್ಟೂ."

ಹೊರಗೆ ಬಂದ ಮೇಲೂ ಅವನು ಆ ಮಾತೆತ್ತಲಿಲ್ಲ. ಬೈದಿದ್ದರೆ, ಎರಡೇಟು ಹಾಕಿದ್ದರೂ ಸರಿಯೇ, ಅಲ್ಲಿಗೆ ಮುಗಿದುಹೋಗುತ್ತಿತ್ತು. ಕೈಸಾ ರೊಟ್ಟಿ ಮುರಿದು ಬಾಯಿಗಿಡುವಾಗ ಮಾತ್ರ ಅವನ ಕಣ್ಣು ಅವಳ ಕೈಯ ಮೇಲೇ ನೆಟ್ಟಿರುತ್ತಿತ್ತು.

ಕಾಳು ಬೇಯಿಸಿದ್ದಕ್ಕೆ ವಾಲ್ಪುರಿ ಎಂದೂ ಪಶ್ಚಾತ್ತಾಪಪಡಲಿಲ್ಲ. ಹೇಳಿದ್ದಕ್ಕೆ ಸಾಯುವ ತನಕ ಪಟ್ಟಳು. ಹುಡುಗಿಗೆ ಯಾರೂ ಏನೂ ಹೇಳಿರಲಿಲ್ಲ. ಆದರೂ ಅಪ್ಪ ಮನೆಯಲ್ಲಿದ್ದಾಗಲೆಲ್ಲ ಅವಳು, "ನಂಗೆ ಹಸಿವಿಲ್ಲಮ್ಮ," ಅನ್ನಲು ಶುರುಮಾಡಿದಳು.