ಸರ್ವರ್‌ಗೆ ಒಂದು ರಾತ್ರಿಯ ಮಂದೆ

ಹೊಸದುರ್ಗದ ನಮ್ಮ ಮನೆಯ ತಗಡಿನ ಸೂರಿನ ಕೆಳಗೆ ಒಂದು ಸರ್ವರ್ ಇಟ್ಟುಕೊಂಡು ನಾನು ವೆಬ್‌ಸೈಟ್ ನಡೆಸುತ್ತಿದ್ದೆ. ಗೊಬ್ಬರಕ್ಕೆಂದು ಯಾರ ಹೊಲದಲ್ಲಿ ರಾತ್ರಿ ಕುರಿಮಂದೆ ನಿಲ್ಲಿಸಬೇಕು, ಯಾರ ಕುರಿ ಈಗ ಎಲ್ಲಿವೆ ಎಂಬುದನ್ನು ರೈತರೂ ಕುರಿಗಾರರೂ ಅದರಲ್ಲಿ ನೋಡಿಕೊಳ್ಳುತ್ತಿದ್ದರು. ಬೇಸಿಗೆಯಲ್ಲಿ ಮಿಷನ್ನು ಕಾದು ಕಾದು ಕೈಕೊಡುತ್ತಿತ್ತು. ಕರೆಂಟು ಹೋದರಂತೂ ಕೇಳುವುದೇ ಬೇಡ. ರೋಸಿಹೋಗಿ ಅದನ್ನು ಬೆಂಗಳೂರಿನ ಒಂದು ಡೇಟಾ ಸೆಂಟರಿನಲ್ಲಿ ಬಾಡಿಗೆಗೆ ಇಟ್ಟುಬಂದೆ.

ಮೊದಲ ಬಿಲ್ಲು ಬಂದ ದಿನ ಮಾವ ಮನೆಗೆ ಬಂದಿದ್ದರು. ಅಮ್ಮನ ತಮ್ಮ, ಹಿರಿಯೂರು ಕಡೆಯ ಕುರಿಗಾರ.

"ಓದಲೇ ಅಳಿಯ, ಕೇಳಾಣ" ಎಂದರು.

ಜಾಗಕ್ಕೆ ಬಾಡಿಗೆ, ಕರೆಂಟಿಗೆ ಬೇರೆ, ನೆಟ್ಟಿಗೆ ಬೇರೆ, ತಂಪು ಮಾಡಿದ್ದಕ್ಕೆ ಬೇರೆ ಎಂದು ಓದಿದೆ.

"ನನ್ನ ಕುರಿ ಇನ್ನೊಬ್ರ ಹೊಲದಾಗೆ ಮಲಗಿದ್ರೆ ಹೊಲದವ್ನು ನನಗೆ ದುಡ್ಡು ಕೊಡ್ತಾನೆ. ನಿನ್ನ ಮಿಷನ್ ಇನ್ನೊಬ್ರ ಮನೇಲಿ ಮಲಗಿದ್ರೆ ನೀನೇ ಕೊಡ್ಬೇಕಾ? ಎಂಥ ಯಾವಾರನಲೇ ಇದು!"

"ಕುರಿ ಗೊಬ್ಬರ ಹಾಕ್ತಾವೆ ಮಾವ. ಇದು ಬರೀ ಬಿಸಿಗಾಳಿ ಬಿಡ್ತೈತೆ."

ಇನ್ನೂ ಒಂದು ಸಾಲಿತ್ತು: ನಿಂತುಹೋದ ಮಿಷನ್ನನ್ನು ಅಲ್ಲಿನವರು ಬಟನ್ ಒತ್ತಿ ಎಬ್ಬಿಸಿದ್ದಕ್ಕೆ ಕೂಲಿ. ಅದನ್ನು ಓದಬಾರದಿತ್ತು. ಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು.

ನನಗೋ ಮೂಗಿನ ತುದಿಯಲ್ಲೇ ಕೋಪ. "ನಗ್ರಿ, ನಗ್ರಿ! ತಿಂಗಳ ಕೊನೆಗೆ ಮುಚ್ಚೇಬಿಡ್ತೀನಿ. ಆಮೇಲೆ ಮಂದೆ ಎಲ್ಲಿ ನಿಲ್ಲಿಸಾಣ ಅಂತ ಊರೂರು ಕೇಳ್ಕಂಡು ತಿರುಗ್ರಿ" ಎಂದು ಕೂಗಾಡಿದೆ. ಕೋಪದ ಮಾತಾದರೂ ಸುಳ್ಳಾಗಿರಲಿಲ್ಲ. ನನ್ನ ಜೆರಾಕ್ಸ್ ಅಂಗಡಿಯ ದುಡಿಮೆಯಲ್ಲಿ ಆ ಬಿಲ್ಲು ಕಟ್ಟುವುದು ನನ್ನಿಂದಾಗುತ್ತಿರಲಿಲ್ಲ. ಒಂದೊಂದೇ ಸಾಲು ಕೋಡ್ ಬರೆದು ನಾನೇ ಕಟ್ಟಿದ ಸೈಟು ಅದು. ಮಾವ ಆಮೇಲೆ ನಗಲಿಲ್ಲ. ಟವಲ್ ಕೊಡವಿಕೊಂಡು ಎದ್ದುಹೋದರು.

ತಿಂಗಳ ಕೊನೆಯ ದಿನ, ಸೈಟು ಮುಚ್ಚುತ್ತಿದ್ದೇನೆಂದು ಎರಡು ಸಾಲು ಬರೆಯಲಾಗದೆ ಒದ್ದಾಡುತ್ತಿದ್ದೆ. ಮಾವ ಬಂದು ಟವಲ್ಲಿನ ಗಂಟು ಬಿಚ್ಚಿದರು. ಮುದುರಿದ ನೋಟುಗಳು, ಜೊತೆಗೆ ಕುರಿವಾಸನೆ.

"ನಮ್ಮ ಹಟ್ಟಿಯೋರೆಲ್ಲ ಒಂದೊಂದು ರಾತ್ರಿ ಮಂದೆ ದುಡ್ಡು ನಿನಗೆ ಬಿಟ್ಟುಕೊಟ್ಟವ್ರೆ. ನಿನ್ನ ಮಿಷನ್ನೂ ನಮ್ಮ ಮಂದೇದೇ ಅನ್ಕಂಡ್ವಿ. ಕಟ್ಟಲೇ."

ಬಿಲ್ಲು ಮುಂದಿಟ್ಟುಕೊಂಡು ಎಣಿಸಿದೆ. ಚೂರು ಕಡಿಮೆ ಬಿತ್ತು.

"ಎಷ್ಟು ಕಮ್ಮಿ?"

"ಬಟನ್ ಒತ್ತೋನ ಕೂಲಿಯಷ್ಟು."

ಮಾವ ಖಾಲಿ ಟವಲ್ಲನ್ನು ಹೆಗಲಿಗೆ ಹಾಕಿಕೊಂಡರು. "ಅವ್ನು ಬ್ಯಾಡ ಅನ್ನು. ಇನ್ಮೇಲೆ ನಿಂತ್ರೆ ನಾನೇ ಬಸ್ ಹತ್ತಿ ಹೋಗಿ ಒತ್ತಿ ಬರ್ತೀನಿ."