ಕೋಟೆಯ ಕೋಣೆಯಲ್ಲಿ ಉಡಿ ತುಂಬಿದ್ದು

ನಮ್ಮ ಮನೆಯಲ್ಲಿ ಕನ್ನಡ ಓದಲು ಬರುತ್ತಿದ್ದುದು ನನಗೊಬ್ಬಳಿಗೇ. ಹನ್ನೊಂದನೇ ವಯಸ್ಸಿಗೆ ಅದೇ ನನಗೆ ಎರಡು ಕೊಂಬು. ಅಪ್ಪ ನಿಜಾಮರ ಕಾಲದ ಶಾಲೆಯಲ್ಲಿ ಉರ್ದು ಕಲಿತವನು. ಬಲದಿಂದ ಎಡಕ್ಕೆ ಮುತ್ತು ಪೋಣಿಸಿದಂತೆ ಬರೆಯುತ್ತಿದ್ದ, ಕನ್ನಡದ ಬೋರ್ಡು ಎದುರಾದರೆ ಮಾತ್ರ ನನ್ನ ಮುಖ ನೋಡುತ್ತಿದ್ದ. ಅವ್ವ, ಅಕ್ಕ, ಅತ್ತೆ ಶಾಲೆಯ ಕಟ್ಟೆಯನ್ನೇ ಹತ್ತಿದವರಲ್ಲ. ಬಸ್ಸಿನ ಮೇಲಿನ ಊರಿನ ಹೆಸರು, ಲಗ್ನಪತ್ರಿಕೆ, ಔಷಧಿಯ ಚೀಟಿ ಎಲ್ಲ ನಾನೇ ಓದಬೇಕು. ನಾನು ಏನು ಓದಿದರೆ ಅದೇ ಅಲ್ಲಿ ಬರೆದದ್ದು.

ಅಕ್ಕನನ್ನು ಕೊಟ್ಟದ್ದು ಪಕ್ಕದ ಮಾಣಿಕನಗರದಲ್ಲಿದ್ದ ಅತ್ತೆಯ ಮಗನಿಗೆ. ಅತ್ತೆ ಅಂದರೆ ಅಪ್ಪನ ಅಕ್ಕ; ಗಂಡ ತೀರಿಕೊಂಡಿದ್ದ, ಇದ್ದವನು ಈ ಒಬ್ಬನೇ ಮಗ. ಅವನು ಫೌಜಿನಲ್ಲಿದ್ದ. ಮದುವೆಯಾದ ಹತ್ತನೇ ದಿನ ಟ್ರಂಕು ಹೊತ್ತು ಹೋದವನು ದೀಪಾವಳಿಗೂ ಬರಲಿಲ್ಲ. ಗಡಿಯಲ್ಲಿ ಯುದ್ಧ ಆಗುವ ಸುದ್ದಿಯನ್ನು ನಮ್ಮ ಹುಮನಾಬಾದಿನ ಚಹಾದಂಗಡಿಯ ರೇಡಿಯೋ ದಿನಾ ಹೇಳುತ್ತಿತ್ತು. ಭಾವನ ಪತ್ರ ಬರದೆ ತಿಂಗಳಾಗಿತ್ತು. ಪತ್ರ ಬಂದಾಗ ಓದಿ ಹೇಳುತ್ತಿದ್ದವಳೂ ನಾನೇ ಆದ್ದರಿಂದ, ಬರದಿದ್ದರೆ ಅದೂ ನನ್ನದೇ ತಪ್ಪು ಅನ್ನುವ ಹಾಗೆ ಅಕ್ಕ ನನ್ನನ್ನು ನೋಡುತ್ತಿದ್ದಳು.

ಹಬ್ಬದ ಸೂಟಿ ಮುಗಿಯುವ ಮುಂಚೆ ಅಪ್ಪ ಒಂದು ದಿನ ನಮ್ಮನ್ನೆಲ್ಲ ಕಲ್ಯಾಣಕ್ಕೆ ಕರೆದುಕೊಂಡು ಹೊರಟ. ಹುಡುಗಿ ಒಂದಿಷ್ಟು ಬಜಾರು ತಿರುಗಲಿ, ಕೋಟೆ ನೋಡಲಿ, ಮನಸ್ಸು ಹಗುರಾದೀತು ಅನ್ನುವುದು ಅವನ ಲೆಕ್ಕ. ಅವ್ವ ಮನೆಯಲ್ಲೇ ಉಳಿದಳು. ಅತ್ತೆ ಮಾತ್ರ ತನ್ನ ಸೊಸೆಯ ಜೊತೆ ತಾನಿರಬೇಕೆಂದು ಹಟ ಹಿಡಿದು ಬಸ್ಸು ಹತ್ತಿದಳು. ಅವಳ ಕೈಚೀಲದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ ಬೇರು, ಒಂದು ಕುಪ್ಪಸದ ಖಣ ಯಾವಾಗಲೂ ಇರುತ್ತಿದ್ದವು. ದಾರಿಯಲ್ಲಿ ಯಾವ ದೇವಿ ಕಂಡರೂ ಉಡಿ ತುಂಬದೆ ಮುಂದೆ ಹೋಗುವ ಹೆಂಗಸಲ್ಲ ಅವಳು.

ಬಜಾರಿನಲ್ಲಿ ಬಳೆಗಾರ ಚಾಚಾ ಅಕ್ಕನ ಕೈಗೆ ಡಜನ್ ಹಸಿರು ಬಳೆ ಇಟ್ಟ. ಸೀರೆ ಅಂಗಡಿಯಲ್ಲಿ ಅರ್ಧ ತಾಸು ಕೂತು ಏನೂ ಕೊಳ್ಳದೆ ಎದ್ದೆವು. ಅಂಗಡಿಯವನ ಮುಖ ಸೋರೆಕಾಯಿಯಷ್ಟು ಉದ್ದವಾಯಿತು. ಅಕ್ಕ ನಕ್ಕಳು. ತಿಂಗಳಿನಲ್ಲಿ ಅವಳು ನಕ್ಕದ್ದು ಅದೇ ಮೊದಲು. ಅಪ್ಪ ಗೆದ್ದವನಂತೆ ನಮ್ಮನ್ನು ಕೋಟೆಯ ಕಡೆಗೆ ನಡೆಸಿದ.

ಕೋಟೆಯೊಳಗೆ ಒಂದು ಮಹಲಿನಲ್ಲಿ ಸುತ್ತಲ ಹಳ್ಳಿಗಳಲ್ಲಿ ಸಿಕ್ಕ ಹಳೇ ಮೂರ್ತಿಗಳನ್ನು ತಂದು ನಿಲ್ಲಿಸಿದ್ದರು. ಕಾವಲಿನ ಮುದುಕ ಕೀಲಿ ತೆಗೆದು, ಏನನ್ನೂ ಮುಟ್ಟಬೇಡಿ ಅಂತ ಹೇಳಿ, ನಮಾಜಿಗೆ ಹೋದ. ಒಳಗೆ ಬಾವಲಿಯ ಹೊಲಸು ವಾಸನೆ. ಮೂಗಿಲ್ಲದ ಮುಖಗಳು, ತಲೆಯಿಲ್ಲದ ಮೈಗಳು ಗೋಡೆಗೆ ಒರಗಿ ನಿಂತಿದ್ದವು. ಬತ್ತಲೆ ನಿಂತ ಜಿನಮೂರ್ತಿಯನ್ನು ಕಂಡು ಅತ್ತೆ ಸೆರಗಿನಿಂದ ಕಣ್ಣು ಮುಚ್ಚಿಕೊಂಡಳು, ಆಮೇಲೆ ಸೆರಗಿನ ಸಂದಿಯಿಂದ ನೋಡಿದಳು. ನನಗೆ ಬೇಗ ಹೊರಗೆ ಹೋಗಬೇಕೆನಿಸಿತು. ಯಾಕೋ ಅಲ್ಲಿ ನಮ್ಮ ಮಾತು ನಮಗೇ ತಡವಾಗಿ ಕೇಳುತ್ತಿತ್ತು.

ಮೂಲೆಯಲ್ಲಿ ಎದೆಯೆತ್ತರದ ಒಂದು ಕಲ್ಲು. ಅದರಲ್ಲಿ ಒಂದು ಕಂಬ, ಕಂಬದಿಂದ ಹೊರಬಂದ ಒಂದು ಹೆಂಗಸಿನ ಕೈ, ಅಷ್ಟೇ. ಮೊಣಕೈ ಮಡಿಸಿ ಅಂಗೈ ತೋರಿಸಿದ ಕೈ. ಅದರ ತುಂಬ ಬಳೆ.

ದೇವಿ ಅಭಯ ಕೊಡುತ್ತಿದ್ದಾಳೆ ಅಂತ ಅತ್ತೆ ಅಲ್ಲೇ ಕುಕ್ಕರಿಸಿದಳು. ಅಕ್ಕ ತನ್ನ ಕೈಯನ್ನು ಆ ಕಲ್ಲಿನ ಕೈಯ ಪಕ್ಕದಲ್ಲಿ ಹಿಡಿದು, ಥೇಟ್ ನನ್ನ ಕೈಯಂತೆಯೇ ಇದೆ ಅಂದಳು. ಅತ್ತೆ ಕುಂಕುಮ ಹಚ್ಚಿದಳು, ಖಣ ಇಟ್ಟು ಉಡಿ ತುಂಬಿದಳು, ಮಗನ ಹೆಸರು ಹೇಳಿ ಬೇಡಿಕೊಂಡಳು. ಆಮೇಲೆ ಅಕ್ಕನ ತಲೆ ಹಿಡಿದು ಬಗ್ಗಿಸಿ ಹಣೆಯನ್ನು ಕಲ್ಲಿಗೆ ಮುಟ್ಟಿಸಿದಳು.

ಆಗ ಅಪ್ಪನಿಗೆ ಗೋಡೆಯ ಮೇಲಿನ ತಗಡಿನ ಫಲಕ ಕಂಡಿತು. "ಏನ್ ಬರದಾರ ನೋಡವಾ," ಅಂದ.

ನಾನು ಓದಿದೆ. ಮಾಸ್ತಿಕಲ್ಲು. ಸತ್ತ ಗಂಡನ ಚಿತೆಯಲ್ಲಿ ತಾನೂ ಸುಟ್ಟುಕೊಂಡವಳ ನೆನಪಿಗೆ ನಿಲ್ಲಿಸಿದ್ದು.

ಹಾವು ತುಳಿದವಳಂತೆ ನಿಂತೆ. ಅಕ್ಕ ತಿರುಗಿ ನೋಡಿದಳು. ಹಣೆಗೆ ಕಲ್ಲಿನ ಕುಂಕುಮ ಅಂಟಿತ್ತು, ಮುಖದಲ್ಲಿ ಬಜಾರಿನ ನಗು ಇನ್ನೂ ಇತ್ತು.

"ದೇವಿ ಅಂತ ಬರದಾರ," ಅಂದೆ. ಯಾವ ದೇವಿ ಅಂತ ಅಪ್ಪ ಕೇಳಿದ. ಹಳೇ ದೇವಿ ಅಂದೆ. ಹಳೇ ದೇವಿಯ ಮಾತು ಸುಳ್ಳಾಗುವುದಿಲ್ಲ ಅಂತ ಅತ್ತೆ ಎರಡೂ ಗಲ್ಲ ಬಡಿದುಕೊಂಡಳು. ಸುಳ್ಳು ಹೇಳಿದ್ದಕ್ಕಿಂತ ಅದನ್ನು ಅವರು ಅಷ್ಟು ಸಲೀಸಾಗಿ ನಂಬಿದ್ದು ನನಗೆ ಹೆದರಿಕೆ ಹುಟ್ಟಿಸಿತು.

ಆಮೇಲಿನ ದಿನಗಳನ್ನು ನಾನು ಹೇಗೆ ಕಳೆದೆನೋ! ಖಾಕಿ ಬಟ್ಟೆಯ ಯಾರು ಓಣಿಗೆ ಬಂದರೂ ಯಾವ ಮನೆಗೆ ಹೋಗುತ್ತಾರೆಂದು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಬಾಯಿ ಬಿಟ್ಟರೆ ಬಣ್ಣಗೇಡು, ಸುಮ್ಮನಿದ್ದರೆ ಅನ್ನ ಇಳಿಯದು. ಅಕ್ಕ ಮಾತ್ರ ಹಾಡಿಕೊಂಡು ಕೆಲಸ ಮಾಡುತ್ತಿದ್ದಳು. ದೇವಿ ಕೈ ಎತ್ತಿದ್ದಾಳಲ್ಲ ಅನ್ನುತ್ತಿದ್ದಳು.

ಯುದ್ಧ ಹತ್ತಿತು. ಮುಗಿಯಿತು ಅಂತ ರೇಡಿಯೋ ಹೇಳಿದ ಮೇಲೆ, ಓಣಿಯವರೆಲ್ಲ ಪೇಡೆ ಹಂಚಿದ ಮೇಲೆ, ತಾರು ಬಂತು. ಅದು ಇಂಗ್ಲಿಷಿನಲ್ಲಿತ್ತು. ಪೋಸ್ಟ್ ಮಾಸ್ತರರು ತಾವೇ ಬಂದು ಟೋಪಿ ತೆಗೆದು ನಿಂತರು. ಭಾವ ಇನ್ನಿಲ್ಲ ಅನ್ನುವುದನ್ನು ನಾನು ಓದಿ ಹೇಳಬೇಕಾಗಲಿಲ್ಲ. ಅಷ್ಟರ ಮಟ್ಟಿಗೆ ಬದುಕಿದೆ ಅನಿಸಿದ್ದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

ಮಾತಾಡಿಸಲು ಬಂದ ಹೆಂಗಸರಲ್ಲಿ ಒಬ್ಬಳು, ಕೋಟೆಯೊಳಗಿನ ಕಲ್ಲುಗಳೆಲ್ಲ ದೇವರಲ್ಲವಂತೆ, ಸತ್ತವರ ಕಲ್ಲೂ ಇವೆಯಂತೆ ಅಂತ ಅತ್ತೆಯ ಕಿವಿಯಲ್ಲಿ ಹಾಕಿದಳು. ಅತ್ತೆ ನನ್ನನ್ನು ಕರೆಸಿದಳು. ಅಕ್ಕ ಗೋಡೆಗೆ ಒರಗಿ ಕೂತಿದ್ದಳು, ಬರಿಗೈ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುವ ಹಾಗೆ ಇನ್ನು ಎಲ್ಲ ಅಕ್ಕನ ಮೇಲೆ ಬರುತ್ತದೆ, ಸೊಸೆಯ ಕಾಲ್ಗುಣ ಅನ್ನುತ್ತಾರೆ, ಮನೆಯಿಂದ ಹೊರಗೆ ಹಾಕುತ್ತಾರೆ ಅಂತ ನಾನು ಹೊಸ್ತಿಲಲ್ಲೇ ನಿಂತೆ. ಆದರೆ ಅತ್ತೆ ಕೇಳಿದ್ದು ಬೇರೆ.

"ಆಕಿ ತಲಿ ಹಿಡದು ಬಗ್ಗಿಸಿದಾಕಿ ನಾನು. ಉಡಿ ತುಂಬಿದಾಕೀನೂ ನಾನೇ. ನನ್ನ ಕೈಲೇ ನನ್ನ ಮಗನ್ನ ಕೊಂದೆನೇನು? ಖರೇ ಹೇಳು, ಅಲ್ಲಿ ಏನ್ ಬರದಿತ್ತು?"

"ದೇವಿ ಅಂತಾನೇ ಬರದಿತ್ತು, ಅತ್ತಿ," ಅಂದೆ.

ಅತ್ತೆ ದೊಡ್ಡದಾಗಿ ಉಸಿರು ಬಿಟ್ಟಳು. ಅಕ್ಕನನ್ನು ಮಗಳಂತೆ ಇಟ್ಟುಕೊಂಡಳು, ಒಂದು ಕೆಟ್ಟ ಮಾತು ಆಡಲಿಲ್ಲ. ನನ್ನ ಸುಳ್ಳಿನ ಪುಣ್ಯ ಅಂತ ನಾನು ಒಳಗೊಳಗೇ ಬೆನ್ನು ತಟ್ಟಿಕೊಂಡೆ. ಆದರೆ ಮಾರನೇ ದಿನದಿಂದ ಅತ್ತೆ ಮನೆಯಲ್ಲಿ ದೇವರ ದೀಪ ಹಚ್ಚಲಿಲ್ಲ. ಮಾಣಿಕನಗರದಲ್ಲೇ ಇದ್ದ ಮಠದ ಕಡೆಗೂ ತಲೆ ಹಾಕಲಿಲ್ಲ. ದಿನಾ ಬೆಳಿಗ್ಗೆ ಅಂಗಳದಲ್ಲಿ ಕಲ್ಯಾಣದ ದಿಕ್ಕಿಗೆ ಮುಖ ಮಾಡಿ ನಿಂತು ಆ ದೇವಿಯನ್ನು ಬೈಯುತ್ತಿದ್ದಳು: ಉಡಿ ಉಂಡು ನನ್ನ ಮಗನನ್ನು ತಿಂದೆ, ನಿನ್ನ ಗಂಡ ಸಾಯಲಿ, ನಿನ್ನ ಮೈ ಸುಟ್ಟು ಬೂದಿಯಾಗಲಿ. ನಾನು ಆ ಹೊತ್ತಿಗೆ ಅವರ ಮನೆಯ ಹತ್ತಿರ ಸುಳಿಯುತ್ತಿರಲಿಲ್ಲ.

ಹನ್ನೆರಡು ವರ್ಷ ಬೈದಳು. ನಾನು ಕಾಲೇಜು ಓದಿದೆ. ಕೆಲವು ಊರುಗಳಲ್ಲಿ ಮುತ್ತೈದೆಯರು ಮಾಸ್ತಿಯನ್ನೂ ದೇವರೆಂದು ಪೂಜಿಸುತ್ತಾರೆ ಅಂತ ಪುಸ್ತಕದಲ್ಲಿ ಓದಿದೆ. ಯಾರಿಗೂ ಉಪಯೋಗವಿಲ್ಲದ ಓದು. ಅತ್ತೆ ಹಾಸಿಗೆ ಹಿಡಿದ ಮೇಲೆ ಒಂದು ಮಧ್ಯಾಹ್ನ, ಅಕ್ಕ ನೀರಿಗೆ ಹೋದಾಗ, ಇನ್ನು ತಡೆಯಲಾರದೆ ಎಲ್ಲ ಹೇಳಿಬಿಟ್ಟೆ. ಕಲ್ಲು ಯಾರದು, ಫಲಕದಲ್ಲಿ ಏನಿತ್ತು, ನಾನು ಎರಡು ಸಲ ಹೇಗೆ ಸುಳ್ಳು ಹೇಳಿದೆ ಅಂತ.

ಹೊಡೆಯುತ್ತಾಳೆ ಅಂದುಕೊಂಡೆ. ಅತ್ತೆ ಹೊದಿಕೆಯನ್ನು ಎದೆಯಿಂದ ಸರಿಸಿದಳು.

"ಗಂಡ ಸಾಯ್ಲಿ, ಮೈ ಸುಡ್ಲಿ ಅಂತ ಇಷ್ಟ್ ವರ್ಷ ನಾ ಬೈದದ್ದು ಸುಟ್ಟುಕೊಂಡ ಆಕಿಗೇನು?" ಅಂದಳು. ಆಮೇಲೆ ನನ್ನ ಕಡೆ ತಿರುಗಿದಳು. "ಸುಟ್ಟಾಗ ಆಕಿಗೆ ಎಷ್ಟ್ ವಯಸ್ಸಿತ್ತು? ಅದೂ ಬರದಿತ್ತೇನು?"

ಬರೆದಿರಲಿಲ್ಲ ಅಂದೆ. ಅದು ನಿಜ. ಫಲಕದ ಒಂದೊಂದು ಅಕ್ಷರವೂ ನನಗೆ ನೆನಪಿದೆ, ವಯಸ್ಸು ಅದರಲ್ಲಿ ಇರಲಿಲ್ಲ.

"ಮತ್ತ ಸುಳ್ಳ ಹೇಳಾಕತ್ತಿ," ಅಂದು ಅತ್ತೆ ಗೋಡೆಯ ಕಡೆ ಮಗ್ಗುಲಾದಳು.