ಮುನಿರಾಜುಗೆ ಬಿದ್ದ ಕಪ್ಪು ಗೋಲಿ

ಕೋವಿಡ್ ಮುಗಿದು ಶಾಲೆಗಳು ಪೂರ್ತಿ ತೆರೆದ ವರ್ಷ. ಸಹಕಾರನಗರದ ಹತ್ತಿರದ ಹಳೆಯ ಹೈಸ್ಕೂಲೊಂದರಲ್ಲಿ ನಾನು ವೈಸ್ ಪ್ರಿನ್ಸಿಪಾಲ್. ನಿವೃತ್ತಿಗೆ ಎರಡು ವರ್ಷ ಬಾಕಿ. ನಮ್ಮ ಶಾಲೆಯ ಜೊತೆಗೇ ಬೆಳೆದ ಒಂದು ಮೇಸಾನಿಕ್ ಲಾಡ್ಜ್ ಇತ್ತು. ರೂಮು ಬಾಡಿಗೆಗೆ ಸಿಗುವ ಲಾಡ್ಜ್ ಅಲ್ಲ ಕಣ್ರೀ. ಹಳೆಯ ವಿದ್ಯಾರ್ಥಿಗಳೂ ಮೇಷ್ಟ್ರುಗಳೂ ಸೇರಿ ಕಟ್ಟಿಕೊಂಡ ಫ್ರೀಮೇಸನ್ನರ ಸಂಘ, ನಾನೂ ಅದರ ಸದಸ್ಯ. ಬಿಳಿ ಗ್ಲೌಸು, ಸೊಂಟಕ್ಕೆ ಏಪ್ರನ್ನು, ಬಾಗಿಲು ಮುಚ್ಚಿ ಸಭೆ. ಹೊರಗಿನವರಿಗೆ ನಗು ಬರುತ್ತದೆ. ಆದರೆ ಎಷ್ಟೋ ಬಡ ಮಕ್ಕಳ ಪುಸ್ತಕ, ಕನ್ನಡಕ ಎಲ್ಲ ಸದ್ದಿಲ್ಲದೆ ಅಲ್ಲಿಂದಲೇ ಬರುತ್ತಿತ್ತು.

ಆ ವರ್ಷ ಲಾಡ್ಜಿನವರು ಹತ್ತಿರದ ಸಿಂಗಾಪುರ ಎಂಬ ಹಳ್ಳಿಯ ಸರ್ಕಾರಿ ಶಾಲೆಯ ಮಕ್ಕಳಿಗೆ ನಮ್ಮ ಲ್ಯಾಬಿನಲ್ಲಿ ಭಾನುವಾರದ ವಿಜ್ಞಾನ ತರಗತಿ ನಡೆಸಲು ನಿರ್ಧರಿಸಿದರು. ನಡೆಸುವವರು ಸದಸ್ಯರೇ ಆಗಿರಬೇಕೆಂಬುದು ನಮ್ಮ ಕಟ್ಟಳೆ. ಎಲ್ಲರ ಬಾಯಲ್ಲೂ ಒಂದೇ ಹೆಸರು, ಮುನಿರಾಜು. ಸಿಂಗಾಪುರದ ಹಳೆಯ ರೈತರ ಮನೆಯವನು, ನನಗಿಂತ ಹದಿನೆಂಟು ವರ್ಷ ಚಿಕ್ಕವನು, ನಮ್ಮದೇ ಶಾಲೆಯ ವಿಜ್ಞಾನದ ಮೇಷ್ಟ್ರು, ಇನ್ನೂ ಸದಸ್ಯನಲ್ಲ. ಅವನು ಕಾರಿಡಾರಿನಲ್ಲಿ ನಡೆದರೆ ಹಿಂದೆ ಹತ್ತು ಮಕ್ಕಳು. ನಾನು ನಡೆದರೆ ಕಾರಿಡಾರೇ ಖಾಲಿ. ಭೌತಶಾಸ್ತ್ರವನ್ನು ಮೂವತ್ತು ವರ್ಷ ಕಲಿಸಿದ ನನ್ನ ಹೆಸರನ್ನು ಒಬ್ಬನೂ ಎತ್ತಲಿಲ್ಲ. ಹೊಟ್ಟೆ ಉರಿಯಿತು. ಇದಕ್ಕೆ ಬೇರೆ ಮರ್ಯಾದಸ್ಥ ಪದ ಹುಡುಕುವುದಿಲ್ಲ.

ಹೊಸಬರನ್ನು ಸೇರಿಸಿಕೊಳ್ಳಲು ಹಳಬರೊಬ್ಬರು ಹೆಸರು ಸೂಚಿಸಬೇಕು. ಲಾಡ್ಜಿನ ಮುಖ್ಯಸ್ಥ ಒಬ್ಬ ಡಾಕ್ಟರು, ನನ್ನ ಹಳೆಯ ಶಿಷ್ಯ. ಫಾರಂ ಹಿಡಿದು ಬಂದರು.

"ಸಾರ್, ನೀವೇ ಸೈನ್ ಮಾಡ್ಬಿಡಿ. ನೀವು ಹೇಳಿದ್ರೆ ಮುಗೀತು."

ಹಲ್ಲು ಕಿರಿದು ಸಹಿ ಹಾಕಿದೆ.

ಆಮೇಲೆ ಮತದಾನ. ನಮ್ಮಲ್ಲಿ ಕೈ ಎತ್ತುವುದಿಲ್ಲ. ಒಂದು ಮರದ ಪೆಟ್ಟಿಗೆ ಸುತ್ತು ಬರುತ್ತದೆ. ಒಳಗೆ ಕೈ ಹಾಕಿ ಬಿಳಿ ಗೋಲಿಯನ್ನೋ ಕಪ್ಪು ಗೋಲಿಯನ್ನೋ ಬೀಳಿಸಬೇಕು. ಒಂದೇ ಒಂದು ಕಪ್ಪು ಬಿದ್ದರೂ ಹೆಸರು ತಿರಸ್ಕೃತ. ಯಾರು ಹಾಕಿದರೆಂದು ಕೇಳುವಂತಿಲ್ಲ, ಹೇಳುವಂತೆಯೂ ಇಲ್ಲ. ನನ್ನ ಸರದಿ ಬಂದಾಗ ಬಿಳಿಯದನ್ನೇ ಹಿಡಿದಿದ್ದೆ. ಅದನ್ನು ಬಿಟ್ಟು ಕಪ್ಪನ್ನು ಹಾಕಿದೆ.

ಪೆಟ್ಟಿಗೆ ತೆರೆದಾಗ ಡಾಕ್ಟರ ಮುಖ ಸಪ್ಪಗಾಯಿತು. ಸೂಚಿಸಿದವನೇ ನಾನಾದ್ದರಿಂದ ನನ್ನ ಮೇಲೆ ಯಾರಿಗೂ ಅನುಮಾನವಿಲ್ಲ, ಬದಲಿಗೆ ಕನಿಕರ. ತರಗತಿಯನ್ನು ನನಗೇ ವಹಿಸಿದರು.

ಮರುದಿನ ಮುನಿರಾಜು ಸ್ಟಾಫ್ ರೂಮಿಗೆ ಬಂದ. ಜಗಳಕ್ಕೇ ಬಂದನೆಂದುಕೊಂಡೆ.

"ಸಾರ್, ನನ್ನಿಂದ ನಿಮ್ಗೆ ಅವಮಾನ ಆಯ್ತು. ಬೇಜಾರ್ ಮಾಡ್ಕೋಬೇಡಿ," ಎಂದ. ಒಂದು ನೋಟ್‌ಬುಕ್ ಕೊಟ್ಟ. ಅವನೂರಿನಿಂದ ತರಗತಿಗೆ ಬರಬೇಕಿದ್ದ ಇಪ್ಪತ್ತಾರು ಮಕ್ಕಳ ಹೆಸರು. ಯಾರಿಗೆ ಬೋರ್ಡು ಕಾಣದು, ಯಾರು ತಿಂಡಿ ತಿನ್ನದೆ ಬರುತ್ತಾರೆ, ಯಾರಿಗೆ ಪ್ರಶ್ನೆ ಕೇಳಲು ಭಯ. ಓದುತ್ತಾ ಮತ್ತೆ ಉರಿಯಿತು. ಈ ಕಣ್ಣು ನನಗೇಕೆ ಬರಲಿಲ್ಲ?

ಮೊದಲ ಭಾನುವಾರ ಇಪ್ಪತ್ತಾರು ಮಕ್ಕಳೂ ಬಂದರು. ಮೂರನೆಯ ವಾರಕ್ಕೆ ಒಂಬತ್ತೇ ಜನ. ಅವರಲ್ಲೊಬ್ಬ ಹುಡುಗಿ ಎದ್ದು ನಿಂತು ಕೇಳಿಯೇಬಿಟ್ಟಳು.

"ರಾಜು ಸಾರ್ ಯಾವಾಗ್ ಬರ್ತಾರೆ ಸಾರ್? ಇಂಗೆ ಬರೀ ಬರ್ಕೊಳ್ಳೋದಾದ್ರೆ ನಮ್ ಸ್ಕೂಲಲ್ಲೇ ಬರ್ಕೋತೀವಿ."

ಅಂದೇ ಮುನಿರಾಜುವಿನ ಮನೆಗೆ ಹೋಗಿ ಆ ಗೋಲಿ ನನ್ನದೆಂದು ಹೇಳಿದೆ.

"ಒಬ್ಬೊಬ್ರ ಮೇಲೂ ಡೌಟ್ ಪಟ್ಟೆ ಸಾರ್. ಡಾಕ್ಟರ್ ಮೇಲೂ. ನಿಮ್ಮೊಬ್ರನ್ನ ಬಿಟ್ಟು."

ಮುಂದಿನ ಸಭೆಯಲ್ಲಿ ಎಲ್ಲರೆದುರು ಅದನ್ನೇ ಹೇಳಿ ರಾಜೀನಾಮೆ ಕೊಟ್ಟೆ. ಮತ್ತೆ ಮತ ಹಾಕಿದಾಗ ಅಷ್ಟೂ ಬಿಳಿ ಬಿದ್ದವಂತೆ. ತರಗತಿ ಅವನದಾಯಿತು, ಮಕ್ಕಳೂ ಮರಳಿದರು.

ಹೊಟ್ಟೆಕಿಚ್ಚು ಪಡಬೇಡಿ ಎಂದು ಉಪದೇಶ ಮಾಡಲಾರೆ, ನನಗೇ ಇನ್ನೂ ಹೋಗಿಲ್ಲ. ನೌಕರಿ ಕಲಿಸಿದ್ದು ಇಷ್ಟೇ: ಅದನ್ನು ಕದ್ದುಮುಚ್ಚಿ ತೀರಿಸಿಕೊಂಡರೆ, ಏಟು ತಿಂದವನೇ ನಿಮಗೆ ಸಮಾಧಾನ ಹೇಳಲು ಬರುತ್ತಾನೆ. ಅಂಥ ಶಿಕ್ಷೆಯನ್ನು ನಾನು ಯಾವ ವಿದ್ಯಾರ್ಥಿಗೂ ಕೊಟ್ಟಿರಲಿಲ್ಲ.